ಪೇಷೆಂಟ್ ಕಡೆಯವರು ಯಾರು?

ಕಣ್ಣುದಾನಕ್ಕೆ ಹೆಸರು ಬರೆಸಿದವರು ಬೆಂಗಳೂರಿನ ಯಾವ ಬೀದಿಗೆ ಹೋದರೂ ಸಿಗುತ್ತಾರೆ. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗಲೂ ಅದೇ ಆಯಿತು. ಆಮೇಲೆ ಎಷ್ಟೋ ಜನ ತಾವಾಗಿಯೇ ಹೋಗಿ ಫಾರ್ಮ್ ತುಂಬಿ ಬಂದರು. ನಮ್ಮ ಮನೆಯಲ್ಲೂ ತುಂಬಿದ್ದಾರೆ. ಅದೇ ವರ್ಷ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತವಾಗಿ ಮೆದುಳು ಸತ್ತ ಸ್ಥಿತಿ ತಲುಪಿದಾಗ, ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದ್ದನ್ನು ಊರೆಲ್ಲ ನೋಡಿತ್ತು.

ಹಾಗಾಗಿ ನಮ್ಮವರು ಸಾವಿನ ಮಾತೇ ಆಡುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಆಡುತ್ತಾರೆ, ಜಾಸ್ತಿಯೇ ಆಡುತ್ತಾರೆ. 'ಯಾರ ಕೈಲೂ ಮಾಡಿಸಿಕೊಳ್ಳದೆ ಹೋಗಿಬಿಡಬೇಕು', 'ಕೈಕಾಲು ಗಟ್ಟಿ ಇರುವಾಗಲೇ ಕರೆಸಿಕೋಪ್ಪಾ ದೇವರೇ' ಅನ್ನುವುದನ್ನು ಕೇಳಿಕೊಂಡೇ ನಾವು ಬೆಳೆದವರು. ದೇವಸ್ಥಾನದ ಜಗಲಿಯಲ್ಲಿ ಕೂತು 'ಅನಾಯಾಸೇನ ಮರಣಂ' ಎಂದು ಹೇಳಿಕೊಳ್ಳುವ ಹಿರಿಯರು ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ ಇವತ್ತಿಗೂ ಇದ್ದಾರೆ.

ಆದರೆ ಅದೇ ಹಿರಿಯರನ್ನು 'ನಾಳೆ ನಿಮಗೆ ಪ್ರಜ್ಞೆ ಇಲ್ಲದಾಗ ವೆಂಟಿಲೇಟರ್ ಹಾಕಬೇಕಾ ಬೇಡವಾ, ಬರೆದಿಟ್ಟಿದ್ದೀರಾ?' ಎಂದು ಕೇಳಿ ನೋಡಿ. 'ಬಿಡ್ತು ಅನ್ನು' ಅನ್ನುತ್ತಾರೆ. ದೇವರ ಹತ್ತಿರ ದಿನಾ ಹೇಳಿಕೊಳ್ಳುವುದನ್ನು ಮಕ್ಕಳ ಹತ್ತಿರ ಒಂದು ಸಲವೂ ಹೇಳಿರುವುದಿಲ್ಲ.

ಯಾಕೆ ಹೀಗೆ? ನನಗೆ ತೋಚುವ ಕಾರಣ ಇಷ್ಟು. ಕಣ್ಣು ಕೊಡುವುದು ಹೋದ ಮೇಲೆ. ಆಗ ಸಾವು ಬದುಕಿನ ತೀರ್ಮಾನವನ್ನು ಯಾರೂ ಮಾಡಬೇಕಿಲ್ಲ. ಇಲ್ಲಿ ಹಾಗಲ್ಲ. ಇನ್ನೂ ಉಸಿರಾಡುತ್ತಿರುವ ಮನುಷ್ಯನ ಪಕ್ಕದಲ್ಲಿ ನಿಂತು, ಅವರ ಸ್ವಂತದವರೇ 'ಸಾಕು' ಅನ್ನಬೇಕು. ಆ ಮಾತು ಯಾರ ಬಾಯಿಂದ ಬರಬೇಕು ಅನ್ನುವುದೇ ದೊಡ್ಡ ಕಷ್ಟ.

ನನ್ನ ಸೋದರಮಾವನ ಕೊನೆಯ ದಿನಗಳಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಮಾವ ಎಚ್‌ಎಂಟಿಯಿಂದ ರಿಟೈರ್ ಆದವರು, ವಯಸ್ಸು ಎಪ್ಪತ್ತರ ಮೇಲೆ. ಶ್ವಾಸಕೋಶ ಮೊದಲಿಂದಲೂ ಸರಿ ಇರಲಿಲ್ಲ. ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಐಸಿಯುಗೆ ಸೇರಿಸಿದರು. ಐಸಿಯು ಬಾಗಿಲ ಹೊರಗಿನ ಕುರ್ಚಿಗಳಲ್ಲಿ ಕಾದವರಿಗೆಲ್ಲ ಆ ಕೂಗು ಗೊತ್ತಿರುತ್ತದೆ. ಬಾಗಿಲು ಅರ್ಧ ತೆರೆದು ಸಿಸ್ಟರ್ ಹೆಸರು ಕರೆಯುತ್ತಾರೆ: 'ಪೇಷೆಂಟ್ ಕಡೆಯವರು ಯಾರು?' ಬೇರೆಯವರ ಹೆಸರಾದರೂ ಎಲ್ಲರ ಎದೆ ಧಸಕ್ ಅನ್ನುತ್ತದೆ.

ಮೊದಲು ವೆಂಟಿಲೇಟರ್. ಅದಕ್ಕೆ ಸಹಿ ಹಾಕುವಾಗ ಯಾರೂ ಯೋಚಿಸಲಿಲ್ಲ. ಉಸಿರು ಕಟ್ಟುತ್ತಿದೆ, ಹಾಕಬೇಕು, ಅಷ್ಟೇ. ಆಮೇಲೆ ಕಿಡ್ನಿ ಕೈಕೊಟ್ಟಿತು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಬಂದು, 'ಡಯಾಲಿಸಿಸ್ ಮಾಡಬಹುದು. ಮಾಡಿದರೂ ಚಾನ್ಸ್ ಕಡಿಮೆ. ನಿಮ್ಮ ಡಿಸಿಷನ್' ಅಂದರು. ಹೋಟೆಲಿನಲ್ಲಿ ಏನು ಕೊಡಲಿ ಅಂತ ಕೇಳಿದ ಹಾಗಿತ್ತು ಅದು. ಅವರನ್ನು ಬೈಯುವ ಮನಸ್ಸಿಲ್ಲ ನನಗೆ. ಅವರಿಗೂ ಹಾಗೆ ಕೇಳುವುದನ್ನೇ ಹೇಳಿಕೊಟ್ಟಿರಬೇಕು. ಅತ್ತೆ ಕೇಳಿದ್ದು ಇದೊಂದೇ: 'ನಿಮ್ಮ ತಂದೆ ಆಗಿದ್ರೆ ಏನ್ ಮಾಡ್ತಿದ್ರಪ್ಪಾ?' ಡಾಕ್ಟರು ಉತ್ತರ ಕೊಡಲಿಲ್ಲ.

ಮಗ ಅಮೆರಿಕದಲ್ಲಿ. ವಾಟ್ಸಾಪ್ ಕಾಲ್‌ನಲ್ಲಿ, 'ಏನೇನು ಸಾಧ್ಯವೋ ಎಲ್ಲ ಮಾಡಿ, ದುಡ್ಡಿನ ಚಿಂತೆ ಬೇಡ, ನಾನು ಹೊರಟೆ' ಅಂದ. ಮೈಸೂರಿನಿಂದ ಬಂದಿದ್ದ ಮಗಳು ಅಲ್ಲೇ ಪಕ್ಕದಲ್ಲಿದ್ದಳು. 'ಅಪ್ಪ ನನ್ನ ಹತ್ರ ಇದೆಲ್ಲ ಬೇಡ ಅಂದಿದ್ರು' ಅಂದಳು. 'ಯಾವಾಗ ಅಂದ್ರು? ನನ್ನ ಹತ್ರ ಯಾವತ್ತೂ ಅಂದಿಲ್ವಲ್ಲ?' ಅಂತ ಫೋನಿನಿಂದ ಮಾತು ಬಂತು. ಅಲ್ಲಿಗೆ ನಿಂತುಹೋಯಿತು. ಡಯಾಲಿಸಿಸ್ ಆಯಿತು. ಮಗ ವಿಮಾನದಲ್ಲಿರುವಾಗಲೇ ಮಾವ ಹೋದರು. ಅಣ್ಣ ತಂಗಿ ಈಗ ಹಬ್ಬದ ಮೆಸೇಜ್ ಕಳಿಸುವಷ್ಟು ಮಾತ್ರ ಸಂಬಂಧ ಇಟ್ಟುಕೊಂಡಿದ್ದಾರೆ.

ಇಬ್ಬರಲ್ಲಿ ಯಾರದ್ದು ಸರಿ ಎಂದು ನನ್ನನ್ನು ಕೇಳಿದವರಿದ್ದಾರೆ. ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಅನಿಸುತ್ತದೆ. ದೂರದಲ್ಲಿರುವ ಮಗ ಕೈಯಲ್ಲಾದದ್ದನ್ನು ಮಾಡಲು ನೋಡಿದ. ಹತ್ತಿರವಿದ್ದ ಮಗಳು ಕಿವಿಯಾರೆ ಕೇಳಿದ್ದನ್ನು ಹೇಳಿದಳು. ಇಬ್ಬರೂ ಪೇಷೆಂಟ್ ಕಡೆಯವರೇ. ಮಾವ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದಿದ್ದರೆ, ಆ ಜಾಗದಲ್ಲಿ ಅವರಿಬ್ಬರೂ ಎದುರಾಬದುರು ನಿಲ್ಲಬೇಕಿರಲಿಲ್ಲ.

ನಾಳೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಇಂಥ ಹಾಳೆಗೆ ಮುಂಗಡ ನಿರ್ದೇಶನ ಅಥವಾ ಲಿವಿಂಗ್ ವಿಲ್ ಅನ್ನುತ್ತಾರೆ. ಅದರ ಮಾತು ಬಂದಾಗ ಎಲ್ಲರೂ ರೋಗಿಯ ಹಕ್ಕು, ಸ್ವಾತಂತ್ರ್ಯ ಅನ್ನುತ್ತಾರೆ. ಕೋರ್ಟೂ ಹಾಗೇ ಹೇಳಿದೆ. ನಾನು ನೋಡಿದ ಮಟ್ಟಿಗೆ ಆ ಹಾಳೆ ಜಾಸ್ತಿ ಕೆಲಸಕ್ಕೆ ಬರುವುದು ಹೊರಗೆ ಕುರ್ಚಿಯಲ್ಲಿ ಕೂತವರಿಗೆ. ನಮ್ಮಲ್ಲಿ ಒಬ್ಬರ ಕಾಯಿಲೆಗೆ ಇಡೀ ಮನೆ ಸಹಿ ಹಾಕುತ್ತದೆ. 'ಅಪ್ಪನ್ನ ಉಳಿಸಿಕೊಳ್ಳಲಿಲ್ಲ' ಅನ್ನುವ ಮಾತು ಹದಿಮೂರನೆಯ ದಿನದ ಊಟದ ಸಾಲಿನಲ್ಲಿ ಯಾರಾದರೂ ಒಬ್ಬರು ಆಡಿಯೇ ಆಡುತ್ತಾರೆ. ಆ ಮಾತಿಗೆ ಹೆದರಿಯೇ ಎಷ್ಟೋ ಡಯಾಲಿಸಿಸ್ ನಡೆಯುತ್ತವೆ.

ನಮ್ಮ ದೇಶದಲ್ಲಿ ಈ ಕಾನೂನು ಶುರುವಾದದ್ದೂ 'ಪೇಷೆಂಟ್ ಕಡೆಯವರು ಯಾರು' ಅನ್ನುವ ಪ್ರಶ್ನೆಯಿಂದಲೇ ಅನ್ನಬಹುದು. ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅವರ ಮೇಲೆ ಅತ್ಯಾಚಾರ ಎಸಗಿದ. ಮೆದುಳಿಗೆ ಆಮ್ಲಜನಕ ನಿಂತು ಅರುಣಾ ಮತ್ತೆ ಎದ್ದೇಳಲೇ ಇಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಹೆಚ್ಚುಕಡಿಮೆ 42 ವರ್ಷ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು.

ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಹೋಗಲು ಬಿಡಬೇಕು ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅರುಣಾ ಅವರ ಬಗ್ಗೆ ಪುಸ್ತಕ ಬರೆದವರು, ಕಳಕಳಿ ಇದ್ದವರೇ. ಆದರೆ ಕೆಇಎಂನ ನರ್ಸ್‌ಗಳು ಒಪ್ಪಲಿಲ್ಲ. ಅವರು ಅಷ್ಟು ವರ್ಷ ಅರುಣಾರನ್ನು ತೊಳೆದು, ಮಗ್ಗುಲು ಬದಲಿಸಿ, ಉಣಿಸಿ ನೋಡಿಕೊಂಡಿದ್ದರು. ಬೆನ್ನ ಮೇಲೆ ಹಾಸಿಗೆ ಹುಣ್ಣು ಆಗದ ಹಾಗೆ ಕಾಪಾಡಿದ್ದರು. ಒಂದು ತಲೆಮಾರಿನವರು ರಿಟೈರ್ ಆಗಿ ಮುಂದಿನವರು ಬಂದರೂ ಆ ಆರೈಕೆ ನಿಲ್ಲಲಿಲ್ಲ. 2011ರ ಮಾರ್ಚ್ 7ರಂದು ಕೋರ್ಟ್, ಅರುಣಾ ಪರವಾಗಿ ಮಾತಾಡುವವರು ಆಸ್ಪತ್ರೆಯ ಸಿಬ್ಬಂದಿಯೇ ಎಂದಿತು. ಅರ್ಜಿ ವಜಾ ಆಯಿತು. ಅದೇ ತೀರ್ಪಿನಲ್ಲಿ, ಬೇರೆ ಪ್ರಕರಣಗಳಲ್ಲಿ ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂಬ ದಾರಿಯನ್ನೂ ತೆರೆಯಿತು.

ಈ ತೀರ್ಪನ್ನು ಟೀಕಿಸಿದವರು ಬಹಳ. ಅರುಣಾಗೆ ಏನು ಬೇಕಿತ್ತು ಅನ್ನುವುದು ನರ್ಸ್‌ಗಳಿಗೂ ಗೊತ್ತಿರಲಿಲ್ಲ, ನಿಜ. ಆದರೂ ಪ್ರತಿದಿನ ಆ ದೇಹವನ್ನು ಮುಟ್ಟಿ ನೋಡಿಕೊಂಡವರ ಮಾತಿಗೆ ತೂಕ ಕೊಟ್ಟದ್ದು ನನಗೆ ಸರಿ ಅನಿಸುತ್ತದೆ. ರಕ್ತಸಂಬಂಧ, ಕಾಳಜಿ, ಹೋರಾಟ ಎಲ್ಲ ಇರಲಿ. ಒದ್ದೆಯಾದ ಬಟ್ಟೆ ಬದಲಿಸಿದವರಿಗೆ ಒಂದು ಮಾತು ಜಾಸ್ತಿ ಇರಬೇಕು ಅಲ್ವಾ?

ಮುಂದಿನ ದೊಡ್ಡ ಹೆಜ್ಜೆ 2018ರ ಮಾರ್ಚ್ 9ರದ್ದು. ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲೇ ಹಾಕಿದ್ದ ಅರ್ಜಿ. ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿ ಕೊಡುವ ಬದುಕಿನ ಹಕ್ಕಿನ ಒಂದು ಭಾಗ ಎಂದಿತು. ಮುಂಗಡ ನಿರ್ದೇಶನಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು. ಈ ತೀರ್ಪಿನ ಹಿಂದೆ ನಮ್ಮ ಬೆಂಗಳೂರಿನವರ ಒಂದು ಪಾಲೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ ಹಾಕಿದ ಅರ್ಜಿಯಿಂದಲೇ 2017ರಲ್ಲಿ ಖಾಸಗಿತನದ ಹಕ್ಕಿನ ತೀರ್ಪು ಬಂತು. ಜೀವ ಎಳೆಯುವ ಚಿಕಿತ್ಸೆ ಬೇಡ ಅನ್ನುವುದೂ ಖಾಸಗಿತನದೊಳಗೆ ಬರುತ್ತದೆ ಎಂಬ ಮಾತು ಅಲ್ಲೇ ಇತ್ತು. ಮರುವರ್ಷದ ತೀರ್ಪು ಅದರ ಮೇಲೆ ಕಟ್ಟಿದ್ದು.

ಹಕ್ಕು ಸಿಕ್ಕಿತು, ಬಳಸುವ ದಾರಿ ಮಾತ್ರ ಮುಳ್ಳಿನದು. ಹಾಳೆಗೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಆಸ್ಪತ್ರೆಯ ತೀರ್ಮಾನ ಆದ ಮೇಲೂ ಮ್ಯಾಜಿಸ್ಟ್ರೇಟರು ಬಂದು ನೋಡಬೇಕಿತ್ತು. ಯಾರು ಮಾಡುತ್ತಾರೆ ಇದನ್ನೆಲ್ಲ? 2023ರ ಜನವರಿ 24ರಂದು ಇನ್ನೊಂದು ಐವರ ಪೀಠ ಇದನ್ನು ಸಡಿಲ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ನಿಮ್ಮ ಪರವಾಗಿ ತೀರ್ಮಾನ ಹೇಳುವವರ ಹೆಸರು ಅದರಲ್ಲಿರಬೇಕು. ಒಬ್ಬರಿಗಿಂತ ಜಾಸ್ತಿ ಜನರನ್ನೂ ಹೆಸರಿಸಬಹುದು. ಹದಿನೆಂಟು ದಾಟಿ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ತಿದ್ದಬಹುದು, ರದ್ದು ಮಾಡಬಹುದು.

ಆ ಹಾಳೆ ಆಸ್ಪತ್ರೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಲ್ಲೇ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು. ರೋಗಿಗೆ ವಾಸಿಯಾಗುವ ಆಸೆ ಇಲ್ಲ, ತಾನೇ ತೀರ್ಮಾನ ಹೇಳುವ ಸ್ಥಿತಿಯಲ್ಲೂ ಇಲ್ಲ ಅಂದಾಗ ಮಾತ್ರ ಅದನ್ನು ತೆಗೆದು ನೋಡುತ್ತಾರೆ. ನೋಡುತ್ತಿರುವ ಡಾಕ್ಟರು ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು ಸೇರಿದ ಮೊದಲ ಮಂಡಳಿ ಪರೀಕ್ಷೆ ಮಾಡುತ್ತದೆ. ಆಮೇಲೆ ಎರಡನೇ ಮಂಡಳಿ. ಅದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬ ಡಾಕ್ಟರು, ಮೊದಲ ಮಂಡಳಿಯಲ್ಲಿ ಇಲ್ಲದ ಇನ್ನಿಬ್ಬರು ತಜ್ಞರು. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಹೇಳಬೇಕು. ಹಾಳೆಯಲ್ಲಿ ಹೆಸರಿರುವವರ ಒಪ್ಪಿಗೆ ಬೇಕು. ಚಿಕಿತ್ಸೆ ನಿಲ್ಲಿಸುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಮನೆಯವರು ಹೈಕೋರ್ಟಿಗೆ ಹೋಗಬಹುದು. ಹಾಳೆಯೇ ಇಲ್ಲದಿದ್ದರೂ ಮನೆಯವರ ಒಪ್ಪಿಗೆ ಮೇಲೆ ಇದೇ ಎರಡು ಮಂಡಳಿಗಳ ದಾರಿ ಇದೆ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿ ಇದನ್ನು ಜಾರಿಗೆ ತರುವಂತೆ ಹೇಳಿತು.

ಆ ಆದೇಶದ ಸುದ್ದಿ ಬಂದ ವಾರ ನಮ್ಮ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಗುಂಪಿನ ಒಬ್ಬ ಯಜಮಾನರು, 'ಇನ್ಮೇಲೆ ನಮ್ಮಂಥ ಮುದುಕರು ಅರ್ಜಿ ಹಾಕಿದ್ರೆ ಇಂಜೆಕ್ಷನ್ ಕೊಟ್ಟು ಕಳಿಸ್ತಾರಂತೆ' ಅಂದರು. ತಮಾಷೆಗೆ ಅಂದದ್ದಲ್ಲ. ಅರ್ಧ ಭಯ, ಅರ್ಧ ಆಸೆ ಇದ್ದ ಹಾಗಿತ್ತು. ಹಾಗೇನೂ ಇಲ್ಲ. ಔಷಧಿ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ. ವಯಸ್ಸಾಯಿತು, ಬೇಜಾರಾಯಿತು, ಮಂಡಿ ನೋವು ತಡೆಯಲಾಗುತ್ತಿಲ್ಲ ಅನ್ನುವುದಕ್ಕೂ ಈ ಕಾನೂನಿಗೂ ಸಂಬಂಧವಿಲ್ಲ. ಮನುಷ್ಯ ಹೇಗೂ ಹೋಗುತ್ತಿರುವಾಗ ಯಂತ್ರ ಕಟ್ಟಿ ತಡೆಯಬೇಡಿ ಅನ್ನುವುದಷ್ಟೇ ಇಲ್ಲಿರುವುದು. ಪ್ರಜ್ಞೆ ಇರುವವರಿಗೆ ಅಂತೂ ಹಾಳೆಯೇ ಬೇಡ. 'ನನಗೆ ಈ ಚಿಕಿತ್ಸೆ ಬೇಡ' ಎಂದು ಬಾಯಿಬಿಟ್ಟು ಹೇಳುವ ಹಕ್ಕು ಅವರಿಗೆ ಇದ್ದೇ ಇದೆ.

ಇನ್ನೊಂದು ಸೂಕ್ಷ್ಮ ಇದೆ. ವೆಂಟಿಲೇಟರ್ ಹಾಕದೇ ಇರುವುದು, ಹಾಕಿದ್ದನ್ನು ತೆಗೆಯುವುದು, ಎರಡೂ ಒಂದೇ ಅನ್ನುತ್ತದೆ ವೈದ್ಯಕೀಯ ನೀತಿಶಾಸ್ತ್ರ. ಕಾನೂನೂ ಎರಡಕ್ಕೂ ಒಂದೇ ದಾರಿ ಇಟ್ಟಿದೆ. ತರ್ಕಕ್ಕೆ ಸರಿ, ಆದರೆ ಕೈಗೆ ಹಾಗನಿಸುವುದಿಲ್ಲ. ಹಾಕದಿದ್ದರೆ 'ಕಾಯಿಲೆ ತಗೊಂಡು ಹೋಯ್ತು' ಅನ್ನುತ್ತೇವೆ. ತೆಗೆದರೆ 'ನಾವು ತೆಗೆದ್ವಿ' ಅನ್ನುತ್ತೇವೆ. ಈ ಭಯ ಇದ್ದಷ್ಟು ದಿನ ಇನ್ನೊಂದು ಅನಾಹುತವೂ ಇದೆ. ಒಮ್ಮೆ ಹಾಕಿದರೆ ತೆಗೆಯಲಾಗದು ಅಂತ ಹೆದರಿ, ಬದುಕಬಹುದಾದ ಮುದುಕರಿಗೂ ಮನೆಯವರು ಬೇಡ ಅಂದುಬಿಡುತ್ತಾರೆ. ಒಳ್ಳೆಯ ಐಸಿಯು ಡಾಕ್ಟರು 'ಮೂರು ದಿನ ಹಾಕಿ ನೋಡೋಣ, ಇಂತಿಂಥದ್ದು ಸುಧಾರಿಸದಿದ್ದರೆ ಮತ್ತೆ ಕೂತು ಮಾತಾಡೋಣ' ಅನ್ನುತ್ತಾರೆ. ಮಾವನ ವಿಷಯದಲ್ಲಿ ಮೊದಲ ದಿನವೇ ಯಾರಾದರೂ ಹಾಗೆ ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈಗ ದುಡ್ಡಿನ ಮಾತು. ಇದನ್ನು ಬಿಟ್ಟು ನೀತಿ ಮಾತಾಡುವುದು ನಮ್ಮ ದೇಶದಲ್ಲಿ ಆಗದ ಕೆಲಸ.

ಬೆಂಗಳೂರಿನ ಆಸ್ಪತ್ರೆಗಳಲ್ಲಿ 'ಲಾಮಾ' ಅನ್ನುವ ಪದ ಎಲ್ಲರಿಗೂ ಗೊತ್ತು. ಡಾಕ್ಟರ ಸಲಹೆ ಮೀರಿ ಕರೆದುಕೊಂಡು ಹೋಗುತ್ತಿದ್ದೇವೆ ಎಂದು ಮನೆಯವರೇ ಬರೆದುಕೊಟ್ಟು ಹೊರಡುವುದು. ಕೋಲಾರದಿಂದಲೋ ತುಮಕೂರಿನಿಂದಲೋ ಬಂದವರು, ಮೊದಲು ಒಡವೆ, ಆಮೇಲೆ ಜಮೀನು ಅಂತ ಕೈಯಲ್ಲಿದ್ದದ್ದೆಲ್ಲ ಮುಗಿದ ಮೇಲೆ ಆ ಹಾಳೆಗೆ ಸಹಿ ಹಾಕುತ್ತಾರೆ. ಆಂಬುಲೆನ್ಸಿನಲ್ಲಿ ಕೈಯಿಂದ ಗಾಳಿ ಒತ್ತುತ್ತಾ ಹೊರಡುತ್ತಾರೆ. ಎಷ್ಟೋ ಜನ ಊರು ಮುಟ್ಟುವುದಿಲ್ಲ. ಇಲ್ಲಿ ಯಾವ ಮಂಡಳಿಯೂ ಕೂರುವುದಿಲ್ಲ. ರೋಗಿಗೆ ಏನು ಬೇಕಿತ್ತು ಎಂದು ಯಾರೂ ಕೇಳುವುದಿಲ್ಲ. ನೋವಿಗೆ ಒಂದು ಮಾತ್ರೆಯೂ ಜೊತೆಗಿರುವುದಿಲ್ಲ. ದುಡ್ಡಿದ್ದವರು ಯಂತ್ರದಿಂದ ಬಿಡಿಸಿಕೊಳ್ಳಲಾಗದೆ ಸಿಕ್ಕಿಬೀಳುತ್ತಾರೆ. ಇಲ್ಲದವರು ಸಹಿ ಹಾಕಿ ದಾರಿಯಲ್ಲಿ ಸಾಯುತ್ತಾರೆ. ಎರಡೂ ಕಡೆ ತೀರ್ಮಾನ ಮಾಡುವುದು ಬಿಲ್ಲೇ.

ಹೀಗಿರುವಾಗ ಮುಂಗಡ ನಿರ್ದೇಶನ ಮುದುಕರನ್ನು ಬೇಗ ಸಾಗಹಾಕುವ ನೆಪವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಂಗವಿಕಲರ ಪರವಾಗಿ ಕೆಲಸ ಮಾಡುವವರು ಈ ಪ್ರಶ್ನೆಯನ್ನು ಬಹಳ ಗಟ್ಟಿಯಾಗಿ ಕೇಳುತ್ತಾರೆ. ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ ಅದು. ಆಸ್ತಿಗೆ ಕಾದು ಕೂತ ಮಕ್ಕಳು ಹೆಬ್ಬೆಟ್ಟು ಒತ್ತಿಸಿಕೊಂಡ ಕಥೆಗಳು ನಮಗೇನು ಹೊಸದಲ್ಲ. ಮನೆಯಲ್ಲಿ 'ಭಾರ' ಅನಿಸಿಕೊಂಡ ಅಜ್ಜಿ ತಾನಾಗಿಯೇ 'ನನಗೇನೂ ಬೇಡ' ಎಂದು ಬರೆದರೆ ಅದು ಎಷ್ಟು ಅವಳದ್ದು, ಎಷ್ಟು ಸೊಸೆ ಮಗನ ಮುಖ ನೋಡಿ ಬರೆದದ್ದು? ಇಬ್ಬರು ಸಾಕ್ಷಿಗಳು, ನೋಟರಿ, ಎರಡು ಮಂಡಳಿ ಇರುವುದು ಇದಕ್ಕಾಗಿಯೇ. ಅವು ಮನೆಯೊಳಗಿನ ಮಾತನ್ನು ಕೇಳಿಸಿಕೊಳ್ಳಲಾರವು, ಒಪ್ಪುತ್ತೇನೆ. ಆದರೆ ಆ ಅಪಾಯ ಹಾಳೆ ಇಲ್ಲದಾಗಲೂ ಇದೆ. ಲಾಮಾ ಸಹಿಗೆ ಸಾಕ್ಷಿಯೂ ಇಲ್ಲ, ನೋಟರಿಯೂ ಇಲ್ಲ. ನನ್ನ ಹೆದರಿಕೆ ಹಾಳೆಯದ್ದಲ್ಲ, ಹಾಳೆಯ ಆಚೆ ಏನೂ ಇಲ್ಲದಿರುವುದು.

ವೆಂಟಿಲೇಟರ್ ಬೇಡ ಅಂದವರಿಗೆ ಮತ್ತೇನು ಕೊಡುತ್ತೀರಿ? ಉಸಿರು ಕಟ್ಟುವ ಸಂಕಟಕ್ಕೆ, ಕ್ಯಾನ್ಸರ್ ನೋವಿಗೆ, ರಾತ್ರಿಯ ಭಯಕ್ಕೆ? ಉಪಶಮನ ಆರೈಕೆ, ಅಂದರೆ ಕಾಯಿಲೆ ವಾಸಿಯಾಗದಿದ್ದರೂ ನೋವು ಸಂಕಟ ಕಡಿಮೆ ಮಾಡುವ ಆರೈಕೆ, ಇಲ್ಲದೆ 'ಬೇಡ' ಅನ್ನುವ ಹಕ್ಕೊಂದೇ ಕೊಟ್ಟರೆ ಅದು ಕೈಬಿಟ್ಟ ಹಾಗೆ. 2015ರ ಒಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಕೊನೆಗಾಲದ ಆರೈಕೆಯ ವಿಷಯದಲ್ಲಿ 80 ದೇಶಗಳ ಪೈಕಿ ಭಾರತ 67ನೆಯದು. ನೋವು ಕಳೆಯುವ ಮಾರ್ಫಿನ್ ಬಹಳ ಅಗ್ಗದ ಔಷಧಿ. ಆದರೆ 1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲೇ ಹೆದರುತ್ತಿದ್ದವು. 2014ರಲ್ಲಿ ಕಾನೂನು ತಿದ್ದಿದರು. ಭಯ ಪೂರ್ತಿ ಹೋಗಿಲ್ಲ.

ಬೆಂಗಳೂರಿನವರು ಈ ವಿಷಯದಲ್ಲಿ ಪುಣ್ಯವಂತರು ಅನ್ನಬೇಕು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವಿಗೇ ಬೇರೆ ವಿಭಾಗ ಇದೆ. ಮಾರತ್ತಹಳ್ಳಿ ಕಡೆ ಕರುಣಾಶ್ರಯ ಇದೆ. ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. 1999ರಿಂದ ನಡೆಯುತ್ತಿದೆ. ಪರಿಚಯದವರೊಬ್ಬರನ್ನು ನೋಡಲು ಹೋಗಿದ್ದೆ. ಗಾಯ ತೊಳೆದಿದ್ದರು, ತಲೆ ಬಾಚಿದ್ದರು, ಅವರು ಕೇಳಿದ ಮಜ್ಜಿಗೆ ಹುಳಿ ಸಿಕ್ಕಿತ್ತು. ನೋವು ಹಿಡಿತದಲ್ಲಿದ್ದುದರಿಂದ ಸೊಸೆಯ ಜೊತೆ ಹಳೆಯ ಜಗಳವನ್ನೂ ಲವಲವಿಕೆಯಿಂದ ಮುಂದುವರಿಸಿದ್ದರು.

ಇಷ್ಟು ಓದಿದ ಮೇಲೆ 'ಇದೆಲ್ಲ ಹೊರದೇಶದಿಂದ ಬಂದ ಯೋಚನೆ, ನಮ್ಮದಲ್ಲ' ಅನ್ನುವವರು ಒಮ್ಮೆ ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿ ಬರಬೇಕು. ಸಲ್ಲೇಖನ, ಅಂದರೆ ಊಟ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನರ ವ್ರತ, ಕೈಗೊಂಡು ದೇಹ ಬಿಟ್ಟವರ ನೆನಪಿನ ಶಾಸನಗಳು ಅಲ್ಲಿ ಬಂಡೆ ಬಂಡೆಯ ಮೇಲಿವೆ. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರಲ್ಲಿ ಪ್ರಾಣ ಬಿಟ್ಟದ್ದು ಅಲ್ಲೇ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಅಪರಾಧ ಎಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸಲ್ಲೇಖನ ಬೇರೆ, ಐಸಿಯು ಬೇರೆ, ನಾನು ಎರಡನ್ನೂ ಬೆರೆಸುತ್ತಿಲ್ಲ. ಅದು ವ್ರತ, ಎಚ್ಚರದಲ್ಲಿ ಗುರುವಿನ ಎದುರು ಕೈಗೊಳ್ಳುವಂಥದ್ದು. ನನಗೆ ಅಲ್ಲಿ ಹಿಡಿಸಿದ್ದು ಒಂದೇ. ಆ ತೀರ್ಮಾನವನ್ನು ಯಾರೂ ಬಚ್ಚಿಡಲಿಲ್ಲ. ಮನೆಯವರು, ಶಿಷ್ಯರು ಎಲ್ಲರಿಗೂ ಕಾಣುವ ಹಾಗೆ ಕಲ್ಲಿನಲ್ಲಿ ಕೆತ್ತಿಸಿದರು.

ನಮ್ಮ ಮನೆಯಲ್ಲಿ ಮೊದಲು ಬರೆದದ್ದು ಅಮ್ಮ. ಮಾವ ಅವಳ ತಮ್ಮ. ಅವನ ಮಕ್ಕಳ ಮುನಿಸು ನೋಡಿ ನೋಡಿ ಸಾಕಾಗಿ, ಒಂದು ದಿನ 'ನನ್ನದು ಬರೆದುಕೊ' ಅಂತ ಕೂತಳು. ವೆಂಟಿಲೇಟರ್ ಬೇಡ. ಡಯಾಲಿಸಿಸ್ ಬೇಡ. ಹೃದಯ ನಿಂತರೆ ಎದೆ ಒತ್ತುವುದು ಬೇಡ. ಈ ಕೊನೆಯದಕ್ಕೆ ಸ್ವಲ್ಪ ವಿವರಿಸಬೇಕಾಯಿತು. ಸಿನಿಮಾದಲ್ಲಿ ಎದೆ ಒತ್ತಿದ ಕೂಡಲೇ ಕಣ್ಣು ಬಿಡುತ್ತಾರೆ, ಎಂಬತ್ತು ದಾಟಿದ ಮೈಯಲ್ಲಿ ಪಕ್ಕೆಲುಬು ಮುರಿಯುವುದೇ ಜಾಸ್ತಿ ಅಂದೆ. 'ಹಾಗಾದ್ರೆ ಬೇಡವೇ ಬೇಡ' ಅಂದಳು.

ಇಲ್ಲಿಯವರೆಗೆ ಸರಾಗ. ಮೂಗಿನ ನಳಿಕೆಯಿಂದ ಆಹಾರ ಕೊಡುವುದು ಅಂದಾಗ ಮಾತ್ರ ಅಮ್ಮ ಪಟ್ಟು ಹಿಡಿದಳು. 'ಅದು ಬೇಕು. ಹಸಿದು ಹೋಗಬಾರದು.' ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆ. ಕೊನೆಯ ಹಂತದಲ್ಲಿ ದೇಹವೇ ಆಹಾರ ಬೇಡ ಅನ್ನುತ್ತದೆ, ಹಸಿವು ಗೊತ್ತಾಗುವುದಿಲ್ಲ, ನಳಿಕೆಯಿಂದ ತೊಂದರೆಯೇ ಜಾಸ್ತಿ ಆಗಬಹುದು ಎಂದು ಅವರು ನಿಧಾನವಾಗಿ ಹೇಳಿದರು. ಅಮ್ಮ ಎಲ್ಲ ಕೇಳಿಸಿಕೊಂಡು, 'ಆಗಲಿ ಡಾಕ್ಟ್ರೇ, ಆದ್ರೂ ಊಟ ನಿಲ್ಲಿಸಬೇಡಿ' ಅಂದಳು.

ಈ ಗೊಂದಲ ಅಮ್ಮನೊಬ್ಬಳದ್ದಲ್ಲ. ಇಂಗ್ಲೆಂಡಿನಲ್ಲಿ 1989ರ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದ ನೂಕುನುಗ್ಗಲಿನಲ್ಲಿ ಸಿಕ್ಕಿ ಪ್ರಜ್ಞೆ ಕಳೆದುಕೊಂಡ ಟೋನಿ ಬ್ಲಾಂಡ್ ಎಂಬ ಹುಡುಗನ ವಿಷಯದಲ್ಲಿ ಇದೇ ಪ್ರಶ್ನೆ ಬಂತು. ನಳಿಕೆಯ ಆಹಾರ ಊಟವೋ ಚಿಕಿತ್ಸೆಯೋ? ಊಟವಾದರೆ ನಿಲ್ಲಿಸುವುದು ಕ್ರೌರ್ಯ. ಚಿಕಿತ್ಸೆಯಾದರೆ ನಿಲ್ಲಿಸಬಹುದು. 1993ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದು ಚಿಕಿತ್ಸೆ ಎಂದು ಹೇಳಿತು. ನಾನೂ ಅದನ್ನೇ ಒಪ್ಪುತ್ತೇನೆ. ನನ್ನ ಹಾಳೆಯಲ್ಲಿ ನಳಿಕೆ ಬೇಡ ಎಂದೇ ಇದೆ. ಆದರೆ ಮನೆಗೆ ಬಂದವರಿಗೆಲ್ಲ 'ಊಟ ಆಯ್ತಾ' ಅಂತಲೇ ಮಾತು ಶುರು ಮಾಡುವವಳಿಗೆ ಲಾರ್ಡುಗಳ ತೀರ್ಪು ಹೇಗೆ ಹಿಡಿಸೀತು? ಹಾಳೆ ಅವಳದ್ದು. ಅವಳು ಹೇಳಿದ ಹಾಗೇ ಬರೆದೆ.

ನೋಟರಿ ಮಾಡಿಸಲು ಹೋದಾಗ ಅವರು ಮೊದಲು ಹುಡುಕಿದ್ದು ಆಸ್ತಿಯ ವಿವರ. 'ಸೈಟ್ ನಂಬರ್ ಎಲ್ಲಿ?' ಅಂದರು. ಇದು ಆ ವಿಲ್ ಅಲ್ಲ ಎಂದು ಹೇಳಿ, 2023ರ ತೀರ್ಪಿನ ಪ್ರತಿ ತೋರಿಸಿದ ಮೇಲೆ ಅವರಿಗೇ ಆಸಕ್ತಿ ಬಂತು, ಕೂತು ಪೂರ್ತಿ ಓದಿದರು. ಒಂದು ಪ್ರತಿಯನ್ನು ಸ್ಥಳೀಯ ಆಡಳಿತ ನೇಮಿಸಿದ ಅಧಿಕಾರಿಯ ಬಳಿ ಇಡಬೇಕು ಎಂದು ತೀರ್ಪಿನಲ್ಲಿದೆ. ಗೋವಾದಲ್ಲಿ 2024ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಎಂ.ಎಸ್. ಸೋನಕ್ ತಾವೇ ಮೊದಲಿಗರಾಗಿ ತಮ್ಮದನ್ನು ನೋಂದಾಯಿಸಿದರು. ನಾವು ಹೋದ ಕಚೇರಿಯಲ್ಲಿ ಒಂದು ಮೇಜಿನಿಂದ ಇನ್ನೊಂದಕ್ಕೆ ಕಳಿಸಿದರು. ಬಿಬಿಎಂಪಿ ಹೋಗಿ ಐದು ಪಾಲಿಕೆ ಆದ ಗಡಿಬಿಡಿ ಬೇರೆ. ಕೊನೆಗೆ ಟಪಾಲಿನಲ್ಲಿ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆವು.

ಹೆಸರಿನ ವಿಷಯ ಹೇಳುವುದು ಬಾಕಿ ಇದೆ. ಅಮ್ಮನಿಗೆ ನಾವಿಬ್ಬರು ಮಕ್ಕಳು. ಅಣ್ಣನ ಕೆಲಸ ಪುಣೆಯಲ್ಲಿ, ತಿಂಗಳಿಗೊಮ್ಮೆ ಬರುತ್ತಾನೆ. ನಾನು ಊರಿನ ಇನ್ನೊಂದು ತುದಿಯಲ್ಲಿದ್ದೇನೆ. ಅಮ್ಮನ ಜೊತೆ ಇರುವುದು ಅತ್ತಿಗೆ. ಹಾಳೆಯಲ್ಲಿ ತೀರ್ಮಾನ ಹೇಳುವವರ ಜಾಗದಲ್ಲಿ ಅಮ್ಮ ಮೊದಲು ಬರೆಸಿದ್ದು ಅತ್ತಿಗೆಯ ಹೆಸರು. ಎರಡನೆಯದು ಅಣ್ಣ, ಮೂರನೆಯದು ನಾನು. ನೋಟರಿಯವರಿಗೂ ಅದು ವಿಚಿತ್ರ ಅನಿಸಿತು. 'ಮಗನ ಹೆಸರು ಮೊದಲು ಬರಬೇಕಲ್ವೇನಮ್ಮಾ?' ಅಂದರು. 'ಮಾತ್ರೆ ಕೊಡೋಳು ಅವಳು. ಇವರು ಫೋನ್ ಮಾಡೋರು' ಅಂದಳು ಅಮ್ಮ. ಅಣ್ಣನಿಗೆ ಸ್ವಲ್ಪ ಚುಚ್ಚಿತು, ನನಗೂ ಚುಚ್ಚಿತು. ಆದರೆ ವಾದ ಮಾಡಲು ಬಾಯಿ ಬರಲಿಲ್ಲ.

ಅತ್ತಿಗೆ ಮಾತ್ರ ಒಪ್ಪಲು ಒಂದು ಷರತ್ತು ಹಾಕಿದಳು. ನಾಳೆ ಯಾರೂ ತನ್ನ ಕಡೆ ಬೆರಳು ತೋರಿಸಬಾರದು, ಅದಕ್ಕೂ ಒಂದು ಸಾಲು ಬೇಕು ಅಂದಳು. ಅಮ್ಮ ತಾನೇ ಪೆನ್ನು ತೆಗೆದುಕೊಂಡು ಕೆಳಗೆ ಬರೆದಳು: ಇದು ನನ್ನ ತೀರ್ಮಾನ, ನನ್ನ ಸೊಸೆ ಇದನ್ನು ಹೇಳುವವಳು ಮಾತ್ರ. ಆಮೇಲೆ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿಸಿ, ನೆಂಟರಿಗೆಲ್ಲ ಪೂರ್ತಿ ಓದಿ ಹೇಳಿಸಿದಳು. ಮಾವನ ಮಗ, ಮಗಳು ಇಬ್ಬರೂ ಆ ಕಾಲ್‌ನಲ್ಲಿ ಇದ್ದರು. ನಳಿಕೆಯ ಸಾಲು ಬಂದಾಗ ಮಾವನ ಮಗ 'ಅತ್ತೆ, ಅದೊಂದು ಯಾಕೆ ಇಟ್ಟೆ?' ಎಂದು ಕೇಳಿದ. ಅಲ್ಲಿಂದ ಶುರುವಾದ ಚರ್ಚೆಯಲ್ಲಿ ಅವನ ತಂಗಿ ಅಮ್ಮನ ಪರ ನಿಂತಳು, ಅವನು ನನ್ನ ಪರ. ಅದಿನ್ನೂ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಡೆಯುತ್ತಲೇ ಇದೆ.